ಮಾವನವರು ಸಂಕಲ್ಪ ಹೇಳಿದ ಯುಗಾದಿ

ಯುಗಾದಿಯ ದಿನ ದೇವರ ಮುಂದೆ ಕಾಲ, ದೇಶಗಳನ್ನು ಹೆಸರಿಸಿ ಬೇಡಿಕೊಳ್ಳುವ ಸಂಕಲ್ಪದಲ್ಲಿ ಹಿಂದಿನ ದಿನಕ್ಕಿಂತ ಬೇರೆಯಾಗುವ ಮಾತುಗಳು ಕೆಲವೇ ಕೆಲವು. ಶ್ವೇತವರಾಹ ಕಲ್ಪ ಅದೇ, ವೈವಸ್ವತ ಮನ್ವಂತರ ಅದೇ, ಕಲಿಯುಗದ ಪ್ರಥಮ ಪಾದವೂ ಅದೇ. ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ತೀರ ಎಲ್ಲವೂ ಇದ್ದಲ್ಲೇ ಇರುತ್ತವೆ. ಶಿಶಿರ ಹೋಗಿ ವಸಂತವಾಗುತ್ತದೆ, ಫಾಲ್ಗುಣ ಹೋಗಿ ಚೈತ್ರವಾಗುತ್ತದೆ, ಸಂವತ್ಸರಕ್ಕೆ ಹೊಸ ಹೆಸರು ಬರುತ್ತದೆ. ಈ ಸಲ, 2026ರ ಮಾರ್ಚ್ 19ರ ಗುರುವಾರ, ವಿಶ್ವಾವಸು ಮುಗಿದು ಪರಾಭವ ಬಂತು. ಶಾಲಿವಾಹನ ಶಕೆ 1948.

ನಮ್ಮ ಮನೆಯಲ್ಲಿ ಸಂಕಲ್ಪ ಹೇಳುವುದು ಮಾವನವರು. ಅವರದು ತುಂಬು ಕಂಠ. ‘ಅಸ್ಮಾಕಂ ಸಹಕುಟುಂಬಾನಾಂ’ ಎಂಬಲ್ಲಿಗೆ ಬರುವಷ್ಟರಲ್ಲಿ ಮನೆಯವರೆಲ್ಲ ಬಂದು ಕೈಮುಗಿದು ನಿಂತಿರಬೇಕು. ಒಬ್ಬಟ್ಟು ತಟ್ಟುತ್ತಿದ್ದರೂ ಒಲೆ ಆರಿಸಿ ಬರಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಇದೇಕೆ ಇಷ್ಟು ಕಟ್ಟುನಿಟ್ಟು ಎನಿಸುತ್ತಿತ್ತು. ಈಗ ಆ ಬೇಡಿಕೆಯನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ: ಕ್ಷೇಮ, ಸ್ಥೈರ್ಯ, ಧೈರ್ಯ, ವಿಜಯ, ಅಭಯ, ಆಯುರಾರೋಗ್ಯ, ಆಮೇಲೆ ಐಶ್ವರ್ಯ. ಹಣಕಾಸಿಗೆ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಕ್ಷೇಮದ ಬೆನ್ನಿಗೇ ಧೈರ್ಯವನ್ನು ಬೇಡಿದ ಹಿರಿಯರು ಕಷ್ಟವನ್ನು ಮನೆಯೊಳಗೇ ಕಂಡವರಾಗಿರಬೇಕು.

ಕಳೆದ ಆಷಾಢದಲ್ಲಿ ಒಂದು ಬೆಳಗ್ಗೆ ಮಾವನವರಿಗೆ ಪಾರ್ಶ್ವವಾಯು ಬಡಿಯಿತು. ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿತ್ತು. ಹಾಗಾದಾಗ ಬಲಗೈ, ಬಲಗಾಲು ಸೋಲುವುದರ ಜೊತೆಗೆ ಬಹಳ ಮಂದಿಗೆ ಮಾತೂ ಹೋಗುತ್ತದೆಯಂತೆ; ಅದನ್ನು ಅಫೇಸಿಯಾ ಎನ್ನುತ್ತಾರೆ. ಬುದ್ಧಿ ನೆಟ್ಟಗಿರುತ್ತದೆ, ಎದುರಿಗಿರುವವರು ಯಾರೆಂದು ಗೊತ್ತಿರುತ್ತದೆ, ಹೇಳಬೇಕಾದದ್ದು ಮನಸ್ಸಿನಲ್ಲಿರುತ್ತದೆ, ಮಾತು ಮಾತ್ರ ಕೈಗೆ ಸಿಗುವುದಿಲ್ಲ. ನೀರು ಬೇಕಾದಾಗ ಲೋಟ ತೋರಿಸುತ್ತಿದ್ದರು. ಅತ್ತೆಯವರನ್ನು ಕರೆಯಬೇಕಾದರೆ ಮಂಚದ ಚೌಕಟ್ಟನ್ನು ಎಡಗೈಯಿಂದ ಬಡಿಯುತ್ತಿದ್ದರು. ಬೀದಿಯವರಿಗೆಲ್ಲ ತಿಥಿ, ನಕ್ಷತ್ರ ನೋಡಿ ಹೇಳುತ್ತಿದ್ದ ಮನುಷ್ಯ.

ಆ ವರ್ಷದ ಉಳಿದದ್ದನ್ನು ಹೆಚ್ಚು ಬರೆಯಲಾರೆ. ಗೌರಿ ಹಬ್ಬಕ್ಕೆ ಅರಿಸಿನದ ಗೌರಿ, ಒಂದು ತೆಂಗಿನಕಾಯಿ. ನವರಾತ್ರಿಗೆ ಅಟ್ಟದಿಂದ ಪಟ್ಟದ ಗೊಂಬೆಗಳನ್ನು ಮಾತ್ರ ಇಳಿಸಿದೆವು. ನನ್ನ ಸರ ಅಡವಿಗೆ ಹೋಯಿತು, ಇನ್ನೂ ಬಿಡಿಸಿಕೊಂಡಿಲ್ಲ. ಯಾರು ರಾತ್ರಿ ಎದ್ದಿರಬೇಕು, ಯಾರು ರಜೆ ಹಾಕಬೇಕು ಎಂಬುದಕ್ಕೆ ನಮ್ಮವರಿಗೂ ಮೈದುನನಿಗೂ ಮಾತಿಗೆ ಮಾತು ಬೆಳೆದು ಫೋನು ನಿಂತುಹೋಗಿತ್ತು. ನೋಡಲು ಬಂದ ಕೆಲವರು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ ‘ಎಲ್ಲ ಪೂರ್ವಜನ್ಮದ ಕರ್ಮ’ ಎಂದು ಹೋದರು. ಹಾಸಿಗೆ ಹಿಡಿದವರ ಕಿವಿಗೆ ಬೀಳುವಂತೆ ಈ ಮಾತನ್ನು ಯಾರೂ ಆಡಬಾರದು. ಅದರಲ್ಲಿ ಭಕ್ತಿಯೂ ಇಲ್ಲ, ಕನಿಕರವೂ ಇಲ್ಲ. ಅತ್ತೆಯವರು ಅಂಥವರಿಗೆ ಉತ್ತರ ಕೊಡಲಿಲ್ಲ. ಬೆಳಗ್ಗೆ ಮೊದಲು ಮಾವನವರ ಮಾತ್ರೆ, ಆಮೇಲೆ ದೇವರ ದೀಪ ಎಂದು ಕ್ರಮ ಹಾಕಿಕೊಂಡರು. ಆ ಕ್ರಮ ಒಂದು ದಿನವೂ ತಪ್ಪಲಿಲ್ಲ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತರಬೇತಿ ಶುರುವಾದಾಗ ಅಲ್ಲಿನ ಹುಡುಗಿ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: ‘ಇವರಿಗೆ ಚಿಕ್ಕಂದಿನಿಂದ ಬಾಯಿಪಾಠವಾಗಿರುವುದು ಏನೇನಿದೆ?’ ಹೊಸದಾಗಿ ಒಂದು ವಾಕ್ಯ ಕಟ್ಟಲಾರದವರೂ ಎಣಿಕೆ, ವಾರಗಳ ಹೆಸರು, ಶ್ಲೋಕ, ಹಾಡು ಇವುಗಳನ್ನು ಸರಾಗವಾಗಿ ಹೇಳಿಬಿಡುವುದುಂಟು ಎಂದು ವಿವರಿಸಿದಳು. ಜೊತೆಯಲ್ಲಿ ಹೇಳುತ್ತಾ ಹೋಗಿ, ಕೊನೆಯ ಪದಕ್ಕೆ ನೀವು ನಿಲ್ಲಿಸಿ, ಅವರಿಗೆ ಬಿಡಿ, ಕಾಯಿರಿ ಎಂದಳು. ಕಾಯುವುದೇ ಮುಖ್ಯ ಎಂದು ಒತ್ತಿ ಹೇಳಿದಳು.

ನನ್ನ ಮಗನಿಗೆ ಆಗ ಸಂಜೆ ದೀಪ ಹಚ್ಚಿದ ಮೇಲೆ ಬಾಯಿಪಾಠದ ಹೊತ್ತು. ಮಾವನವರೇ ಹಾಕಿಕೊಟ್ಟ ಅಭ್ಯಾಸ ಅದು. ಮಗ್ಗಿ, ತಿಥಿ, ನಕ್ಷತ್ರ, ರಾಶಿ, ಸಂವತ್ಸರ. ತಾತ ಮಲಗಿದ ಮೇಲೆ ಕೇಳುವವರಿಲ್ಲದೆ ಅವನು ಮರೆಯತೊಡಗಿದ್ದ. ನಾನೇ ಅವನನ್ನು ತಾತನ ಮಂಚದ ಬಳಿ ಕೂರಿಸತೊಡಗಿದೆ. ಒಂದು ಸಂಜೆ ‘ಚಿತ್ರಭಾನು, ಸ್ವಭಾನು, ತಾರಣ, ಪಾರ್ಥಿವ’ ಎಂದವನು ಮುಂದಿನದು ಹೊಳೆಯದೆ ತಲೆ ಕೆರೆದುಕೊಳ್ಳುತ್ತಾ ನಿಂತ. ಮಂಚದಿಂದ ಧ್ವನಿ ಬಂತು: ‘ವ್ಯಯ, ಸರ್ವಜಿತ್, ಸರ್ವಧಾರಿ, ವಿರೋಧಿ…’ ಒರಟಾಗಿ, ಆದರೆ ಒಂದು ಅಕ್ಷರವೂ ಜಾರದೆ. ನೀರು ಎನ್ನಲು ಆಗದವರು ಕೊನೆಯ ಸಂವತ್ಸರ ಅಕ್ಷಯದವರೆಗೂ ಹೇಳಿದರು. ಅತ್ತೆಯವರು ಅಡುಗೆಮನೆಯಿಂದ ಓಡಿಬಂದರು. ಮಾವನವರು ಮಾತ್ರ ನಾವೆಲ್ಲ ಯಾಕೆ ಅಳುತ್ತಿದ್ದೇವೆ ಎಂಬಂತೆ ನೋಡುತ್ತಿದ್ದರು.

ಬಾಯಿಪಾಠ ಬರಿಯ ಗಿಳಿಪಾಠ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅರ್ಥ ತಿಳಿಯುವ ವಯಸ್ಸು ಆಮೇಲೆ ಬರುತ್ತದೆ. ನಾವು ಹುಡುಕಿ ಹುಡುಕಿ ಜೋಡಿಸಿಕೊಂಡ ಮಾತುಗಳೆಲ್ಲ ಒಂದೇ ಬೆಳಗ್ಗೆ ಬಿದ್ದುಹೋದಾಗ, ದೇವರ ಮುಂದೆ ಕೂತು ತಂದೆಯಿಂದ ಕೇಳಿ ಕಲಿತದ್ದು ನೆಲದಡಿಯ ಗೆಡ್ಡೆಯಂತೆ ಉಳಿದಿತ್ತು. ಅದನ್ನು ಮಾವನವರ ಮನಸ್ಸಿನಲ್ಲಿ ನೆಟ್ಟ ಅವರ ತಂದೆಯನ್ನು ನಾನು ಪಟದಲ್ಲಷ್ಟೇ ನೋಡಿದ್ದೇನೆ. ಆ ಸಂಜೆ ಪಟಕ್ಕೆ ನಮಸ್ಕಾರ ಮಾಡಿದೆ.

ಅತ್ತೆಯವರ ಹರಕೆ ಅಷ್ಟು ಹೊತ್ತಿಗಾಗಲೇ ಆಗಿತ್ತು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತೇ ನಂಜನಗೂಡಿನ ಶ್ರೀಕಂಠೇಶ್ವರನಿಗೆ ಹೊತ್ತಿದ್ದರು: ಮಾತು ಕೊಡು, ನಿನ್ನ ಸನ್ನಿಧಿಯಲ್ಲಿ ಬೆಲ್ಲದ ತುಲಾಭಾರ ಮಾಡಿಸುತ್ತೇನೆ. ನಂಜನಗೂಡೇ ಏಕೆ ಎಂದು ನಾನು ಕೇಳಿದ್ದೆ. ‘ವಿಷವನ್ನೇ ಕಂಠದಲ್ಲಿ ತಡೆದು ನಿಲ್ಲಿಸಿಕೊಂಡವನಮ್ಮ ಅವನು. ಇವರ ಕಂಠದಲ್ಲಿ ನಿಂತದ್ದನ್ನು ಬಿಡಿಸಲಾರನೇ?’ ಎಂದರು. ರೋಗ ನೀಗುವ ದೇವರೆಂದು ಆ ನಂಜುಂಡನಿಗೆ ಹಿಂದಿನಿಂದಲೂ ಹೆಸರು. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಹೋದಾಗ ಇಲ್ಲಿ ಪೂಜೆ ಮಾಡಿಸಿ ದೃಷ್ಟಿ ಬಂತೆಂದೂ, ಅವನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದೂ ಆ ಸೀಮೆಯವರೆಲ್ಲ ಹೇಳುತ್ತಾರೆ. ವೈದ್ಯರನ್ನೂ ನಂಜುಂಡನನ್ನೂ ಅತ್ತೆಯವರು ಎಂದೂ ಎದುರಾಬದುರು ನಿಲ್ಲಿಸಲಿಲ್ಲ.

ಯುಗಾದಿ ಹತ್ತಿರ ಬಂದಂತೆ ಪರಾಭವ ಎಂಬ ಹೆಸರಿಗೇ ಕೆಲವರು ಅಳುಕಿದರು. ನಮ್ಮ ಮನೆಯಲ್ಲಿ ಅಳುಕಲಿಲ್ಲ. ಮಾವನವರು ಹುಟ್ಟಿದ್ದೇ 1966ರ ಪರಾಭವದ ಕಾರ್ತಿಕದಲ್ಲಿ. ಅರವತ್ತು ಸಂವತ್ಸರಗಳ ಸುತ್ತು ಮುಗಿದು ಅವರ ಹುಟ್ಟಿದ ವರ್ಷವೇ ಮನೆಗೆ ಮರಳಿ ಬರುತ್ತಿತ್ತು.

ಹಬ್ಬದ ಹಿಂದಿನ ಸಂಜೆ ಮೈದುನ ಹೆಂಡತಿ ಮಕ್ಕಳೊಂದಿಗೆ ಬಂದ. ಅಣ್ಣತಮ್ಮಂದಿರು ಹಳೆಯದನ್ನು ಕೆದಕಲಿಲ್ಲ. ಬೆಳಗ್ಗೆ ಇಬ್ಬರೂ ಸೇರಿ ಅಪ್ಪನಿಗೆ ಎಣ್ಣೆ ಹಚ್ಚಿ, ಬಚ್ಚಲಿನಲ್ಲಿ ಕುರ್ಚಿಯ ಮೇಲೆ ಕೂರಿಸಿ ನೀರು ಹಾಕಿದರು. ಮಾವಿನ ತೋರಣ ಕಟ್ಟಿದ್ದಾಯಿತು, ಬೇವಿನ ಹೂವು ಬಿಡಿಸಿದ್ದಾಯಿತು. ಮಣೆಯ ಮೇಲೆ ಕೂರಲು ಆಗದೆಂದು ದೇವರ ಮನೆಯ ಬಾಗಿಲಿಗೆ ಕುರ್ಚಿ ಹಾಕಿದ್ದೆವು. ನಮ್ಮವರು ಸಂಕಲ್ಪವನ್ನು ಕಾಗದದಲ್ಲಿ ಬರೆದುಕೊಂಡು ಸಿದ್ಧರಾಗಿದ್ದರು. ಮಾವನವರು ಆ ಕಾಗದವನ್ನು ತೆಗೆದುಕೊಂಡು ಪಕ್ಕಕ್ಕಿಟ್ಟರು. ಎಡಗೈಯನ್ನು ತೊಡೆಯ ಮೇಲಿಟ್ಟು ಮಗನ ಮುಖ ನೋಡಿದರು. ನಮ್ಮವರು ಅವರ ಬಲಗೈಯನ್ನು ಎತ್ತಿ ಅದರ ಮೇಲೆ ಇರಿಸಿದರು.

ಶ್ವೇತವರಾಹ ಕಲ್ಪೇ. ವೈವಸ್ವತ ಮನ್ವಂತರೇ. ಧ್ವನಿ ಹಿಂದಿನದಲ್ಲ, ನಿಧಾನ, ಆದರೆ ತಡೆಯಿಲ್ಲ. ಚಾಂದ್ರಮಾನೇನ ಎಂಬಲ್ಲಿಗೆ ಬಂದು ನಿಂತರು. ಮುಂದೆ ಬರಬೇಕಾದದ್ದು ಆ ವರ್ಷಕ್ಕೆ ಮಾತ್ರ ಸೇರಿದ ಹೆಸರು, ಬಾಯಿಗೆ ರೂಢಿಯಾಗಿ ಬರುವಂಥದ್ದಲ್ಲ, ಹುಡುಕಿ ತರಬೇಕಾದದ್ದು. ತುಟಿ ಅಲುಗುತ್ತಿತ್ತು, ಹಣೆಯಲ್ಲಿ ಬೆವರು. ಹೇಳಿಕೊಡಲು ಬಾಯಿ ತೆರೆದ ಮೈದುನನ ತೋಳನ್ನು ನಾನು ಹಿಡಿದೆ. ಕಾಯಬೇಕಿತ್ತು. ಆಗ ನನ್ನ ಮಗ, ಯಾರೂ ಹೇಳದೆ, ಸಣ್ಣ ದನಿಯಲ್ಲಿ ಶುರುಮಾಡಿದ: ‘ಶುಭಕೃತ್, ಶೋಭಕೃತ್, ಕ್ರೋಧಿ, ವಿಶ್ವಾವಸು…’ ಅಷ್ಟಕ್ಕೇ ನಿಲ್ಲಿಸಿದ. ‘ಪರಾಭವ’ ಎಂದರು ಮಾವನವರು. ಪರಾಭವನಾಮ ಸಂವತ್ಸರೇ, ಉತ್ತರಾಯಣೇ, ವಸಂತ ಋತೌ, ಚೈತ್ರಮಾಸೇ. ಅಸ್ಮಾಕಂ ಸಹಕುಟುಂಬಾನಾಂ ಎನ್ನುವಾಗ ನಾವೆಲ್ಲರೂ ಅಲ್ಲಿದ್ದೆವು. ಒಲೆ ಆರಿಸಿ ಬಂದಿದ್ದೆವು.

ಬೇವು–ಬೆಲ್ಲ ಹಂಚಿದರು. ನೂರು ವರ್ಷದ ಆಯುಸ್ಸನ್ನೂ ವಜ್ರದಂತಹ ದೇಹವನ್ನೂ ಬೇಡುವ ಆ ಶ್ಲೋಕವನ್ನು ಸೊರಗಿದ ತೋಳಿನ ಮನುಷ್ಯನ ಬಾಯಿಂದ ಕೇಳುವಾಗ ನನಗೆ ಅದು ಅತಿಯಾದ ಬೇಡಿಕೆ ಎನಿಸಲಿಲ್ಲ. ಸಂಜೆ ಒಂಟಿಕೊಪ್ಪಲ್ ಪಂಚಾಂಗವನ್ನು ನಮ್ಮವರು ಓದಿದರು. ಪಾಡ್ಯ ಬಂದ ವಾರದ ಅಧಿಪತಿಯೇ ವರ್ಷದ ರಾಜನಾದ್ದರಿಂದ ಈ ವರ್ಷ ಗುರು ರಾಜ. ಅದನ್ನು ಕೇಳಿ ಮಾವನವರು ತಲೆದೂಗಿದರು.

ಮುಂದಿನ ಸೋಮವಾರ ನಂಜನಗೂಡಿಗೆ ಹೋದೆವು. ಕಪಿಲೆಯಲ್ಲಿ ಅವರನ್ನು ಇಳಿಸುವುದು ಬೇಡವೆಂದು ಅತ್ತೆಯವರು ತಂಬಿಗೆಯಲ್ಲಿ ನೀರು ತಂದು ತಲೆಗೆ ಪ್ರೋಕ್ಷಿಸಿದರು. ಪ್ರದಕ್ಷಿಣೆಗೆ ಗಾಲಿಕುರ್ಚಿ ಬೇಡವೆಂದು ಮಾವನವರು ಹಟ ಹಿಡಿದರು. ಊರುಗೋಲೂರಿ, ಅರವತ್ತಮೂವರು ಪುರಾತನರ ಮೂರ್ತಿಗಳ ಸಾಲಿನ ಮುಂದೆ ನಿಂತು ನಿಂತು ಸಾಗಿದರು. ಅವರು ನಿಂತಲ್ಲೆಲ್ಲ ನಾವೂ ನಿಂತೆವು. ಎಷ್ಟು ಸಲ ಓಡಾಡಿದ ಪೌಳಿ ಅದು! ಆ ಶರಣರ ಮುಖಗಳನ್ನು ಅಷ್ಟು ಬಿಡುವಾಗಿ ನೋಡಿದ್ದು ಅದೇ ಮೊದಲು. ತಕ್ಕಡಿಯಲ್ಲಿ ಅವರನ್ನು ಕೂರಿಸಿದಾಗ ಅತ್ತೆಯವರು ಇನ್ನೊಂದು ತಟ್ಟೆಗೆ ತಮ್ಮ ಕೈಯಾರೆ ಬೆಲ್ಲದ ಅಚ್ಚುಗಳನ್ನು ಇಟ್ಟರು. ತೂಕ ಸರಿಹೋದ ಮೇಲೂ ಒಂದಚ್ಚು ಹೆಚ್ಚಿಗೆ ಇಟ್ಟರು.

ಪೂರ್ತಿ ಮಾತು ಇನ್ನೂ ಬಂದಿಲ್ಲ. ‘ಕಾಫಿ’, ‘ಸಾಕು’, ‘ಬಾರಮ್ಮ’ ಇಷ್ಟು ಸ್ವಂತವಾಗಿ ಬರುತ್ತವೆ. ಅತ್ತೆಯವರ ಹೆಸರು ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲ. ಕಾರ್ತಿಕಕ್ಕೆ ಅರವತ್ತು ತುಂಬುತ್ತದೆ. ಷಷ್ಟಿಪೂರ್ತಿಯನ್ನು ಮನೆಯಲ್ಲೇ, ಆಯುಷ್ಯಹೋಮದಷ್ಟಕ್ಕೆ ಚಿಕ್ಕದಾಗಿ ಮಾಡುವುದೆಂದು ತೀರ್ಮಾನವಾಗಿದೆ. ಅಂದಿನ ಸಂಕಲ್ಪದಲ್ಲಿ ದಕ್ಷಿಣಾಯನ, ಶರದೃತು, ಕಾರ್ತಿಕ, ಪತ್ನಿಯ ಹೆಸರು ಎಂದು ಹುಡುಕಿ ತರಬೇಕಾದ ಪದಗಳು ಹಲವಿವೆ. ತಾತ, ಮೊಮ್ಮಗ ಇಬ್ಬರೂ ದೀಪ ಹಚ್ಚಿದ ಮೇಲೆ ಅದನ್ನೇ ಹೇಳಿಕೊಳ್ಳುತ್ತಿದ್ದಾರೆ. ಈ ವರ್ಷ ಅಧಿಕ ಜ್ಯೇಷ್ಠ ಬರುವುದರಿಂದ ಚೈತ್ರದಿಂದ ಕಾರ್ತಿಕಕ್ಕೆ ಒಂದು ತಿಂಗಳು ಹೆಚ್ಚು. ಪಂಚಾಂಗದಲ್ಲಿ ಅದನ್ನು ಕಂಡ ಅತ್ತೆಯವರು, ನಂಜುಂಡ ನಮಗೆಂದೇ ಸೇರಿಸಿದ ತಿಂಗಳು ಇದು, ಅಷ್ಟರಲ್ಲಿ ಕಲಿಯುತ್ತಾರೆ ಎನ್ನುತ್ತಾರೆ.