ಗೌರಿ ಕಂದು ಹಾಕಿದ ಮೇಲೆ

ಬೆಳಗಿನ ಜಾವ ಕೊಟ್ಟಿಗೆಯ ದೀಪ ಹಾಕಿದಾಗ ಗೌರಿಯ ಹಿಂದೆ ಕರು ಬಿದ್ದಿತ್ತು. ಏಳು ತಿಂಗಳ ಗಬ್ಬ, ದಿನ ತುಂಬುವ ಮೊದಲೇ ಕಂದು ಹಾಕಿದ್ದಳು. ಮೈಮೇಲೆ ಕೂದಲು ಸರಿಯಾಗಿ ಬಂದಿರಲಿಲ್ಲ, ಗೊರಸು ಮೇಣದಂತೆ ಮೆತ್ತಗಿತ್ತು. ಅತ್ತೆ ಅದನ್ನು ಬರಿಗೈಯಲ್ಲೇ ಎತ್ತಿ ಗೋಣಿಚೀಲದ ಮೇಲೆ ಮಲಗಿಸಿದರು. ಕರುವಿನ ಹಿಂದೆ ಬೀಳಬೇಕಾದ ಚೀಲ, ಅಂದರೆ ಮಾಸು, ಬಿದ್ದಿರಲಿಲ್ಲ, ಒಳಗೆ ಕೈ ಹಾಕಿ ಬಿಡಿಸಿದರು. ನಮ್ಮೂರಿನ ಎಷ್ಟೋ ಕರುಗಳು ಅವರ ಕೈಯಲ್ಲೇ ಭೂಮಿಗೆ ಬಂದಿವೆ. ನಾನು ಬೇಡವೆನ್ನಲಿಲ್ಲ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು. ಮಾವಿನ ಫಸಲು ವರ್ಷಕ್ಕೊಮ್ಮೆ, ಅದೂ ಬಂದರೆ ಬಂತು. ಮನೆ ನಡೆಯುವುದು ಹಾಲಿನ ಬಟವಾಡೆಯಿಂದ. ನಾಲ್ಕು ಸೀಮೆ ಹಸುಗಳಲ್ಲಿ ಗೌರಿಯೇ ಹೆಚ್ಚು ಕರೆಯುತ್ತಿದ್ದಳು. ಬಿಸಿಲಿಗೆ ಹೀಗಾಯಿತು ಎಂದರು ಒಬ್ಬರು, ದೃಷ್ಟಿ ತಗುಲಿದೆ ಎಂದರು ಇನ್ನೊಬ್ಬರು. ಪಶುವೈದ್ಯರು ಮಾತ್ರ ಮಾಸನ್ನು ನೋಡಿದ ಕೂಡಲೇ ಅತ್ತೆಯ ಕಡೆ ತಿರುಗಿ, "ಅಮ್ಮಾ, ನಿಮ್ಮ ಕೈಯಲ್ಲಿ ಗಾಯವೇನಾದರೂ ಇದೆಯೇ?" ಎಂದು ಕೇಳಿದರು. ಹೆಬ್ಬೆರಳಿಗೆ ಕುಡುಗೋಲು ತಗುಲಿದ ಗಾಯ ಇನ್ನೂ ಮಾಗಿರಲಿಲ್ಲ.

ನಾಲ್ಕೂ ಹಸುಗಳ ರಕ್ತ ತೆಗೆದುಕೊಂಡು ಹೋದರು. ಮರುದಿನ ಪಶು ಆಸ್ಪತ್ರೆಯಲ್ಲಿ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ತೋರಿಸಿದರು. ಗಾಜಿನ ಮೇಲೆ ರಕ್ತದಿಂದ ಬೇರೆಯಾದ ತಿಳಿಯ ಒಂದು ಹನಿ, ಅದಕ್ಕೆ ಗುಲಾಬಿ ಬಣ್ಣದ ದ್ರಾವಣದ ಒಂದು ಹನಿ. ಕಡ್ಡಿಯಿಂದ ಕಲಸಿ, ಗಾಜನ್ನು ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತಾ ಗಡಿಯಾರ ನೋಡಿದರು. ನಾಲ್ಕು ನಿಮಿಷ ಕಾಯಬೇಕು. ಗೌರಿಯ ಹನಿ ಅಷ್ಟು ಹೊತ್ತು ಕಾಯಲಿಲ್ಲ. ಗುಲಾಬಿ ಬಣ್ಣ ಒಡೆದು ರವೆಯಂತೆ ಕಾಳುಕಾಳಾಯಿತು. ಉಳಿದ ಮೂರು ನುಣ್ಣಗೆ ಉಳಿದವು. ಹೆಬ್ಬಾಳದ ಪ್ರಯೋಗಾಲಯಕ್ಕೆ ಕಳಿಸಿದ ಮಾದರಿಯೂ ಅದನ್ನೇ ಹೇಳಿತು. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್.

ಕಂದು ಹಾಕಿದ ಹಸುಗಳಲ್ಲಿ ಈ ರೋಗ ತರುವ ಬ್ಯಾಕ್ಟೀರಿಯಾವನ್ನು ಡೆನ್ಮಾರ್ಕಿನ ಬ್ಯಾಂಗ್ ಎಂಬ ಪಶುವೈದ್ಯ ಕಂಡುಹಿಡಿದದ್ದು 1897ರಲ್ಲಂತೆ. ಅದನ್ನು ಕೇಳಿ ನನಗೆ ಸಿಟ್ಟೇ ಬಂತು. ನೂರು ವರ್ಷ ದಾಟಿದ ತಿಳಿವಳಿಕೆ ನಮ್ಮ ಕೊಟ್ಟಿಗೆಯ ಬಾಗಿಲಿಗೆ ಬಂದಿರಲಿಲ್ಲ. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣು ಕರುವಿಗೆ ಜೀವಮಾನದಲ್ಲಿ ಒಂದೇ ಬಾರಿ ಹಾಕುವ ಲಸಿಕೆ ಇದೆ, 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಅದು ಉಚಿತ. ಗೌರಿಗೆ ಅದು ಬಿದ್ದಿತ್ತೋ ಇಲ್ಲವೋ ಯಾರಿಗೆ ಗೊತ್ತು? ಹಿಂದಿನ ವರ್ಷ ಅವಳನ್ನು ಕರುವಿನ ಸಮೇತ ಸಂತೆಯಲ್ಲಿ ಕೊಂಡು ತಂದಿದ್ದೆವು.

ಈ ರೋಗದ ಮೋಸ ಇರುವುದು ಮುಂದಿನ ಹಂತದಲ್ಲಿ. ಹೆಚ್ಚಿನ ಹಸುಗಳು ಒಮ್ಮೆ ಮಾತ್ರ ಕಂದು ಹಾಕುತ್ತವೆ. ಆಮೇಲೆ ಗಬ್ಬ ಕಟ್ಟುತ್ತವೆ, ದಿನ ತುಂಬಿ ಕರು ಹಾಕುತ್ತವೆ, ಹಾಲೂ ಕೊಡುತ್ತವೆ. ನೋಡಿದವರು ಆರೋಗ್ಯವಾದ ಹಸು ಎನ್ನಬೇಕು. ಆದರೆ ರೋಗಾಣು ಕೆಚ್ಚಲಿನಲ್ಲಿ, ಅದರ ಹತ್ತಿರದ ಗ್ರಂಥಿಗಳಲ್ಲಿ ಅಡಗಿ ಕುಳಿತು, ಮುಂದಿನ ಹೆರಿಗೆಯಲ್ಲಿ ಮಾಸಿನ ಜೊತೆ ಮತ್ತೆ ಹೊರಬರಬಹುದು. ಹಸುವಿಗೆ ಇದನ್ನು ಗುಣಪಡಿಸುವ ನೆಚ್ಚಿಕೆಯ ಔಷಧವಿಲ್ಲ. ವಾರದೊಳಗೆ ದಲ್ಲಾಳಿಯೊಬ್ಬ ಬಂದ. "ಇನ್ನೊಂದು ಸಲ ಗಬ್ಬ ಕಟ್ಟಿಸಿ ಕೊಡಿ, ಒಳ್ಳೆಯ ಬೆಲೆ ಕೊಡಿಸುತ್ತೇನೆ" ಎಂದ. ನಮಗೆ ಗೌರಿಯನ್ನು ಮಾರಿದವರಿಗೂ ಹೀಗೇ ಯಾರೋ ಹೇಳಿರಬೇಕು ಎನಿಸಿತು. ಆಗುವುದಿಲ್ಲ ಎಂದೆ. ಆ ರಾತ್ರಿ ಸಾಲದ ಲೆಕ್ಕ ಹಾಕುತ್ತಾ ನಿದ್ದೆ ಬರಲಿಲ್ಲ ಎಂಬುದೂ ನಿಜ.

ಗೌರಿಯನ್ನು ಹಿತ್ತಿಲ ಹುಣಸೆಮರದ ಹತ್ತಿರ ಬೇರೆ ಕಟ್ಟಿದೆವು. ಗಬ್ಬ ಕಟ್ಟಿಸುವುದನ್ನು ನಿಲ್ಲಿಸಿದೆವು.

ಮೂರು ವಾರ ಕಳೆಯುವಷ್ಟರಲ್ಲಿ ಅತ್ತೆಗೆ ಸಂಜೆಯಾದರೆ ಜ್ವರ. ಬೆಳಗಿನ ಹೊತ್ತಿಗೆ ಸೆರಗು ಹಿಂಡುವಷ್ಟು ಬೆವರು, ಸೊಂಟ ಹಿಡಿದುಕೊಂಡು ಏಳುತ್ತಿದ್ದರು. ಹಸುವಿನ ವಿಷಯವನ್ನು ನಾವೇ ವೈದ್ಯರಿಗೆ ಹೇಳಿದ್ದರಿಂದ ರಕ್ತಪರೀಕ್ಷೆ ಬೇಗ ಆಯಿತು. ಅವರಿಗೂ ಅದೇ ರೋಗ. ಆರು ವಾರ ಎರಡು ಬಗೆಯ ಮಾತ್ರೆ. ಒಂದು ದಿನವೂ ತಪ್ಪಿಸದಂತೆ ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ಅತ್ತೆಯ ಜ್ವರ ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಬೆಳಗ್ಗೆ ಡೈರಿಯ ಸಾಲಿನಲ್ಲಿ ನಿಂತು ನಮ್ಮ ಮನೆಗೆ ಬಂದ ರೋಗದ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಗೌರಿಯ ಹಾಲು ತರುತ್ತಿಲ್ಲ ಎಂದೂ, ಯಾರೂ ಹಸಿ ಹಾಲು ಕುಡಿಯಬೇಡಿ, ಕುದಿಸಿ ಎಂದೂ ಹೇಳಿದೆ. ಕೆಲವರು ಕ್ಯಾನನ್ನು ಪಕ್ಕಕ್ಕೆ ಸರಿಸಿದರು. ಮೂರನೆಯ ದಿನ ರಾತ್ರಿ ಊಟದ ಹೊತ್ತಿಗೆ ಕೆಳಗಿನ ಬೀದಿಯ ಹೆಂಗಸೊಬ್ಬಳು ಬಂದು, "ಅಕ್ಕಾ, ಆಷಾಢದಲ್ಲಿ ನಮ್ಮದೂ ಕಂದು ಹಾಕಿತ್ತು. ಮಾಸನ್ನು ತಿಪ್ಪೆಗೆ ಎಸೆದೆವು, ನಾಯಿಗಳು ಎಳೆದುಕೊಂಡು ಹೋದವು" ಎಂದಳು.

ಮುಂದಿನ ವಾರ ಪಶುವೈದ್ಯರು ಹದಿನಾಲ್ಕು ಮನೆಗಳ ಹಾಲನ್ನು ಪುಟ್ಟ ಗಾಜಿನ ಕೊಳವೆಗಳಲ್ಲಿ ತೆಗೆದುಕೊಂಡರು. ಒಂದೊಂದಕ್ಕೂ ನೀಲಿ ದ್ರಾವಣದ ಹನಿ ಬಿಟ್ಟು ಒಂದು ಗಂಟೆ ಬೆಚ್ಚಗಿಟ್ಟರು. ರೋಗವಿದ್ದರೆ ಬಣ್ಣವೆಲ್ಲ ಮೇಲಿನ ಕೆನೆಗೆ ಏರಿ ನೀಲಿ ಉಂಗುರ ಕಟ್ಟುತ್ತದೆ, ಕೆಳಗಿನ ಹಾಲು ಬಿಳಿಯಾಗಿ ಉಳಿಯುತ್ತದೆ. ಎರಡು ಕೊಳವೆಗಳಲ್ಲಿ ಉಂಗುರ ಮೂಡಿತು. ಕೆಚ್ಚಲು ಬಾವಿದ್ದರೂ, ಗಿಣ್ಣುಹಾಲಾದರೂ ಹೀಗಾಗಬಹುದು, ರಕ್ತ ನೋಡದೆ ತೀರ್ಮಾನವಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು.

ಒಂದು ಕೊಳವೆ ಆಷಾಢದ ಮನೆಯದು. ಇನ್ನೊಂದು ಮನೆಯಾಕೆಯ ಎರಡು ಹಸುಗಳಲ್ಲಿ ಒಂದಕ್ಕೆ ಎಂಟನೇ ತಿಂಗಳು. ಆಕೆ ನನ್ನನ್ನು ಪಕ್ಕಕ್ಕೆ ಕರೆದು, "ಕರು, ಮಾಸು ಹೂಳಲು ಗುಂಡಿ ಎಷ್ಟು ಆಳ ತೋಡಿದಿರಿ?" ಎಂದು ಕೇಳಿದಳು. ಆರಡಿ, ಮೇಲೆ ಸುಣ್ಣ ಎಂದೆ. ಮಧ್ಯಾಹ್ನ ಕೈಗವಸಿನ ಪೊಟ್ಟಣ ಸೆರಗಿಗೆ ಸಿಕ್ಕಿಸಿಕೊಂಡು, ಗುದ್ದಲಿ ಹಿಡಿದು ಅವಳ ಹಿತ್ತಿಲಿಗೆ ಹೋದೆ.