ಇಂಗ್ಲೆಂಡಿನ ಹಳ್ಳಿಯಲ್ಲಿ ಬೇಜಾರಾಗಲಿಲ್ವಾ?

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. “ಅಲ್ಲ ಕಣಮ್ಮಾ, ಇಂಗ್ಲೆಂಡಿನ ಆ ಹಳ್ಳೀಲಿ ನಾಲ್ಕು ವರ್ಷ ಹೇಗಿದ್ದೆ? ಬೀದೀಲಿ ಜನಾನೇ ಕಾಣ್ಸಲ್ವಂತೆ. ಬೇಜಾರಾಗಲಿಲ್ವಾ?”

ಆಯಿತು. ಮೊದಲ ಚಳಿಗಾಲದಲ್ಲಂತೂ ತುಂಬಾನೇ ಆಯಿತು. ನಾವು ಹೋಗಿದ್ದು 2000ದ ಅಕ್ಟೋಬರಿನಲ್ಲಿ. ಯಜಮಾನರಿಗೆ ಆಸ್ಪತ್ರೆ ಕೆಲಸ. ಮನೆ ಸಿಕ್ಕಿದ್ದು ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯಾ ಜಿಲ್ಲೆಯಲ್ಲಿ, ಈಡನ್ ನದಿ ಕಣಿವೆಯಲ್ಲಿ, ಪೆನ್ರಿತ್ ಪೇಟೆಗೆ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ. ಕೆಂಪು ಮರಳುಗಲ್ಲಿನ ಮನೆಗಳು, ಒಂದು ಚರ್ಚು, ಒಂದು ಪಬ್ಬು, ಅಷ್ಟೇ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಪೂರ್ವಕ್ಕೆ ಕ್ರಾಸ್ ಫೆಲ್ ಬೆಟ್ಟ. ಅದರ ಮೇಲಿಂದ ಬೀಸಿಬರುವ ಗಾಳಿಗೆ ಅಲ್ಲಿನವರು ಹೆಸರೇ ಇಟ್ಟಿದ್ದಾರೆ, ‘ಹೆಲ್ಮ್’ ಅಂತ. ನಮ್ಮ ಚನ್ನರಾಯಪಟ್ಟಣದ ಕಡೆ ಜಗಲಿ ಮೇಲೆ ಕೂತರೆ ಸಾಕು, ದಾರೀಲಿ ಹೋಗೋರೆಲ್ಲ ನಿಂತು ಮಾತಾಡಿಸುತ್ತಾರೆ. ಅಲ್ಲಿ ಜಗಲಿಯೇ ಇಲ್ಲ. ಎಲ್ಲರ ಮನೆ ಬಾಗಿಲೂ ಮುಚ್ಚಿರುತ್ತೆ.

ಆದರೆ ಅಲ್ಲಿ ಕಾಲುದಾರಿ ಇದೆ. ಇದನ್ನು ಹೇಳದೆ ಆ ಪ್ರಶ್ನೆಗೆ ಉತ್ತರ ಹೇಳೋಕೇ ಆಗಲ್ಲ.

ಬೇರೆಯವರ ಹೊಲದ ನಡುವೆಯೇ ಹಾದು ಹೋಗುವ ದಾರಿ ಅದು. ಕಂಬದ ಮೇಲೆ ಹಳದಿ ಬಾಣದ ಗುರುತು ಇದ್ದರೆ ಯಾರು ಬೇಕಾದರೂ ನಡೆಯಬಹುದು. ನೀಲಿ ಬಾಣವಾದರೆ ಕುದುರೆ ಮೇಲೂ ಹೋಗಬಹುದು. ಜಮೀನಿನ ಮಾಲೀಕರೂ ಅದನ್ನು ಮುಚ್ಚುವ ಹಾಗಿಲ್ಲ. 1949ರ ಕಾಯ್ದೆ ಬಂದ ಮೇಲೆ ಇವನ್ನೆಲ್ಲ ನಕ್ಷೆಯಲ್ಲಿ ದಾಖಲು ಮಾಡಿಟ್ಟಿದ್ದಾರೆ. ಇಂಗ್ಲೆಂಡು, ವೇಲ್ಸ್ ಸೇರಿ ಇಂಥ ಹಕ್ಕಿನ ದಾರಿ 2 ಲಕ್ಷ ಕಿಲೋಮೀಟರಿಗೂ ಜಾಸ್ತಿ ಇದೆ. ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆ ಅಡ್ಡ ಬಂದರೆ, ಆ ಗೋಡೆಯಿಂದಲೇ ಚಾಚಿಕೊಂಡ ಮೂರು ಮೆಟ್ಟುಗಲ್ಲು ಇರುತ್ತವೆ. ಹತ್ತಿ ಆಚೆ ಇಳಿಯಬೇಕು. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು, ತೆರೆದಿದ್ದರೆ ಹಾಗೇ ಬಿಡಬೇಕು.

ಆ ದಾರಿಯಲ್ಲೇ ನನಗೆ ಜನ ಸಿಕ್ಕಿದ್ದು. ನಾಯಿ ಕರೆದುಕೊಂಡು ಬರುವ ಅಜ್ಜ, ಚರ್ಚಿನ ಗಂಟೆ ಬಾರಿಸುವ ಮೇಷ್ಟ್ರು, ಕುರಿ ಸಾಕುವ ಪಕ್ಕದ ಮನೆಯಾಕೆ. ಬೀದಿಯಲ್ಲಿ ತಲೆಯಾಡಿಸಿ ಹೋಗುವವರು ಹೊಲದಲ್ಲಿ ಸಿಕ್ಕರೆ ಅರ್ಧ ಗಂಟೆ ಮಾತಾಡುತ್ತಿದ್ದರು. ಅಲ್ಲಿನ ಜಗಲಿ ಅಂದರೆ ಅದೇ.

ಆಮೇಲೆ 2001ರ ಮಾರ್ಚ್ ಬಂತು. ಕಾಲುದಾರಿಗಳನ್ನೆಲ್ಲ ಮುಚ್ಚಿಬಿಟ್ಟರು.

ದನ, ಕುರಿಗಳಿಗೆ ಬರುವ ಕಾಲುಬಾಯಿ ರೋಗ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇಶದಲ್ಲಿ ರೋಗ ಬಿದ್ದ 2,000ಕ್ಕೂ ಹೆಚ್ಚು ಫಾರ್ಮುಗಳಲ್ಲಿ ಸುಮಾರು 900 ಕಂಬ್ರಿಯಾದಲ್ಲೇ ಇದ್ದವು. ಫಾರ್ಮಿನ ಬಾಗಿಲಲ್ಲಿ ಔಷಧಿ ನೀರಲ್ಲಿ ನೆನೆಸಿದ ಹುಲ್ಲಿನ ಹಾಸು. ಗೇಟುಗಳಿಗೆಲ್ಲ ‘ಒಳಗೆ ಬರಬೇಡಿ’ ಅನ್ನೋ ಬೋರ್ಡು. ಯಾರೂ ಯಾರ ಮನೆಗೂ ಹೋಗುವ ಹಾಗಿಲ್ಲ.

ಒಂದು ರಾತ್ರಿ ಪಕ್ಕದ ಮನೆಯಾಕೆ ಫೋನ್ ಮಾಡಿದರು. “ನಿಮ್ಮ ಕಡೆ ಈ ರೋಗ ಬಂದರೆ ಏನು ಮಾಡ್ತೀರಿ?” ಅಂದರು. ನಮ್ಮಮ್ಮ ಮಾಡುತ್ತಿದ್ದುದನ್ನು ಹೇಳಿದೆ. ಬಾಯಿ ಹುಣ್ಣಿಗೆ ಜೇನುತುಪ್ಪದಲ್ಲಿ ರಾಗಿ ಹಿಟ್ಟು ಕಲಸಿ ಹಚ್ಚೋದು. ಗೊರಸಿನ ಸಂದು ತೊಳೆದು ಬೇವಿನೆಣ್ಣೆ ಬಿಡೋದು. ಮೇವು ತಿನ್ನೋಕಾಗದ ಹಸುವಿಗೆ ಗಂಜಿ ಕುಡಿಸೋದು.

“ಹಾಗಾದ್ರೆ ಬದುಕುತ್ತವಾ?”

“ಎಳೆಗರುಗಳು ಸಾಯೋದುಂಟು. ದೊಡ್ಡವು ಬಹಳಷ್ಟು ಬದುಕುತ್ತವೆ.”

ಆ ಕಡೆಯಿಂದ ಸದ್ದೇ ಇಲ್ಲ. ಅವರ ಕುರಿಗಳಿಗೆ ರೋಗವೇ ಬಂದಿರಲಿಲ್ಲ. ಪಕ್ಕದ ಫಾರ್ಮಿಗೆ ಬಂದಿತ್ತು. ರೋಗ ಹಬ್ಬದಿರಲಿ ಅಂತ, ಅಷ್ಟಕ್ಕೇ ಸರ್ಕಾರದವರು ಇವರ ಮಂದೆಯನ್ನೂ ಮರುದಿನ ಕೊಲ್ಲುವವರಿದ್ದರು.

ದೇಶದಲ್ಲಿ ಒಟ್ಟು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಕಾರ್ಲೈಲ್ ಹತ್ತಿರ ಗ್ರೇಟ್ ಆರ್ಟನ್ ಅನ್ನೋ ಕಡೆ, ಹಳೇ ವಿಮಾನ ನಿಲ್ದಾಣದಲ್ಲಿ ಗುಂಡಿ ತೋಡಿ 4.5 ಲಕ್ಷಕ್ಕೂ ಹೆಚ್ಚು ಹೂತರು. ಲಸಿಕೆ ಇತ್ತು. ಹಾಕಿದರೆ ಮಾಂಸದ ರಫ್ತಿಗೆ ತೊಂದರೆ ಅಂತ ಹಾಕಲಿಲ್ಲ. ರೋಗ ಬೇಗ ಹಬ್ಬುತ್ತೆ, ನಿಜ. ಆದರೂ ಆರೋಗ್ಯವಾಗಿದ್ದ ಕುರಿಗಳನ್ನು ಕೊಂದಿದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಆಮೇಲೆ ನಾವಿಬ್ಬರೂ ದಿನಾ ರಾತ್ರಿ ಫೋನಿನಲ್ಲಿ ಮಾತಾಡಿದೆವು. ಅವರು ಒಂದೊಂದು ಕುರಿಯ ಸುದ್ದಿ ಹೇಳುತ್ತಿದ್ದರು. ಯಾವುದು ತುಂಟ, ಯಾವುದು ಗೋಡೆ ಹಾರುತ್ತಿತ್ತು, ಯಾವುದು ಪ್ರತಿ ಸಲವೂ ಅವಳಿ ಮರಿ ಹಾಕುತ್ತಿತ್ತು. ನಾನು ನಮ್ಮ ಕೊಟ್ಟಿಗೆಯ ಸುದ್ದಿ ಹೇಳುತ್ತಿದ್ದೆ. ಬೇಜಾರು ಅನ್ನೋ ಮಾತೇ ಮರೆತುಹೋಗಿತ್ತು.

ದಾರಿ ತೆರೆದಾಗ ಹೊಲದಲ್ಲಿ ಹುಲ್ಲು ಮಂಡಿಯವರೆಗೆ ಬೆಳೆದಿತ್ತು. ಮೇಯುವ ಒಂದು ಬಾಯಿಯೂ ಇಲ್ಲ. ಅಷ್ಟು ಹಸಿರು ನೋಡಿ ಅಳು ಬಂದಿದ್ದು ನನಗೆ ಅದೊಂದೇ ಸಲ.

ಅವರು ಮತ್ತೆ ಕುರಿ ತಂದರು. ಅವು ಮರಿ ಹಾಕೋ ಕಾಲಕ್ಕೆ ನನ್ನನ್ನು ಕರೆದರು. ಅಡುಗೆಮನೆಯ ಒಲೆ ಪಕ್ಕ ರಟ್ಟಿನ ಪೆಟ್ಟಿಗೆ, ಅದರೊಳಗೆ ತಾಯಿಯಿಲ್ಲದ ಒಂದು ಮರಿ. ಕೈಗೆ ಹಾಲಿನ ಬಾಟಲಿ ಕೊಟ್ಟು “ಗಟ್ಟಿಯಾಗಿ ಹಿಡ್ಕೋ, ಎಳೆಯುತ್ತೆ” ಅಂದರು. ಎಳೀತು. ಹಾಲು ಒಳಗೆ ಹೋಗುತ್ತಿದ್ದಂತೆ ಬಾಲ ಪಟಪಟ ಬಡಿಯತೊಡಗಿತು, ನಮ್ಮ ಕೊಟ್ಟಿಗೆಯ ಕರು ಕೆಚ್ಚಲಿಗೆ ಬಾಯಿ ಹಾಕಿದಾಗ ಬಡಿಯುತ್ತಿತ್ತಲ್ಲ, ಥೇಟ್ ಹಾಗೇ.