ಕೊನೆಯ ಬಿಲ್ಲೆ ಹಲಗೆಗೆ ಮರಳುವವರೆಗೆ

ಭಾನುವಾರ, 9 ಮಾರ್ಚ್ 2025

ಹಾಯಿದೋಣಿ ಕ್ಲಬ್ಬಿನಲ್ಲಿ ಇಂದು, ಶೆಡ್ಡು ದೋಣಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಹಿರಿಯರಿಲ್ಲದ ಮೊದಲ ರೇಸ್. ಅವರೊಬ್ಬರೇ ಮಾಡುತ್ತಿದ್ದ ಕೆಲಸವನ್ನು ಐದು ಜನರಿಗೆ ಹಂಚಬೇಕಾಯಿತು. ಸಂಬಳವಿರಲಿಲ್ಲ, ಪದವಿಯಿರಲಿಲ್ಲ. ಮಕ್ಕಳ ಬಾಯಲ್ಲಿ ಬರೀ ‘ಅಜ್ಜ’. ಮೊದಲ ದೋಣಿ ನೀರಿಗಿಳಿಯುವ ಎರಡು ಗಂಟೆ ಮುಂಚೆ ಶೆಡ್ಡಿನ ಬೀಗ ತೆಗೆಯುತ್ತಿದ್ದರು, ಕೊನೆಯ ದೋಣಿ ದಡ ಹತ್ತಿದ ಮೇಲೆ ಹಾಕುತ್ತಿದ್ದರು. ತುಂಬಾ ಒಳ್ಳೆಯವರು ಎಂದಷ್ಟೇ ಬರೆದರೆ ಅವರ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಆ ಎರಡು ಗಂಟೆಯಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಬರೆದಿಡಬೇಕು.

ಮೊದಲ ಕೆಲಸ ರಕ್ಷಣಾ ದೋಣಿಯದು. ಪೆಟ್ರೋಲ್ ಟ್ಯಾಂಕನ್ನು ಅಲುಗಾಡಿಸಿ ಅಂದಾಜು ಮಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮುಚ್ಚಳ ತೆಗೆದು ಕಣ್ಣಾರೆ ನೋಡಬೇಕು. ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದದ್ದು ಆಪತ್ತಿಗೆ. ಎಂಜಿನ್ ಚಾಲೂ ಆದ ಕೂಡಲೇ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮಬೇಕು. ಚಿಮ್ಮದಿದ್ದರೆ ಮರಳೋ ಪ್ಲಾಸ್ಟಿಕ್ಕೋ ಕಟ್ಟಿಕೊಂಡಿರುತ್ತದೆ, ಇಲ್ಲವೇ ಪಂಪಿನೊಳಗಿನ ರಬ್ಬರ್ ಚಕ್ರ ಸವೆದಿರುತ್ತದೆ. ಹಾಗೇ ಓಡಿಸಿದರೆ ಎಂಜಿನ್ ಕಾದು ಕೆಟ್ಟುಹೋಗುತ್ತದೆ.

ಆಮೇಲೆ ಕಿಲ್ ಕಾರ್ಡ್. ಚಾಲಕನ ಕಾಲಿಗೂ ಎಂಜಿನ್ನಿನ ಸ್ವಿಚ್ಚಿಗೂ ನಡುವಿನ ಕೆಂಪು ಸುರುಳಿ ಹಗ್ಗ ಅದು, ಸ್ವಿಚ್ಚಿನಿಂದ ಕಿತ್ತುಬಂದರೆ ಎಂಜಿನ್ ನಿಲ್ಲುತ್ತದೆ. ಅದನ್ನು ಮಂಡಿಯ ಮೇಲೆ ತೊಡೆಗೆ ಸುತ್ತಿ ಕೊಕ್ಕೆ ಹಾಕಬೇಕು. ಕಾರ್ಡ್ ಹಾಕಿಕೊಳ್ಳದ ಚಾಲಕ ನೀರಿಗೆ ಎಸೆಯಲ್ಪಟ್ಟರೆ ಖಾಲಿ ದೋಣಿ ನೆಟ್ಟಗೆ ಹೋಗುವುದಿಲ್ಲ, ಗಿರಗಿರ ಸುತ್ತುತ್ತಾ ಬಿದ್ದವನ ಮೇಲೇ ಬರುತ್ತದೆ. ಅದಕ್ಕೇ ಅವರು ಪ್ರತಿದಿನ ಎಂಜಿನ್ ಓಡುತ್ತಿರುವಾಗಲೇ ಕಾರ್ಡನ್ನು ಎಳೆದು, ಎಂಜಿನ್ ನಿಂತಿತೋ ಇಲ್ಲವೋ ಎಂದು ನೋಡುತ್ತಿದ್ದರು. ಬಿಸಿಲಿಗೆ ಒಳಗಿನ ಎಳೆ ಸತ್ತುಹೋದರೂ ಮೇಲೆ ಕೆಂಪು ಬಣ್ಣ ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ಬಗ್ಗಿಸಿ ನೋಡಬೇಕು. ಇನ್ನೊಂದು ಕಾರ್ಡ್ ಸದಾ ಅವರ ಕೊರಳಲ್ಲಿ. ಚಾಲಕನೇ ನೀರಿಗೆ ಬಿದ್ದರೆ ಕಾರ್ಡೂ ಅವನ ಜೊತೆ ಹೋಗುತ್ತದೆ. ದೋಣಿಯಲ್ಲಿ ಉಳಿದವನು ಎಂಜಿನ್ ಮತ್ತೆ ಚಾಲೂ ಮಾಡಬೇಕಾದರೆ ಎರಡನೆಯದು ಬೇಕೇ ಬೇಕು.

ಒಬ್ಬರೇ ನಡೆಸುವ ಲೇಸರ್ ಎಂಬ ಸಣ್ಣ ಹಾಯಿದೋಣಿಗಳಿಗೆ ಅವರದೊಂದು ಪರೀಕ್ಷೆ ಇತ್ತು. ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ನಿಲ್ಲಿಸುವ ಗುಳಿಗೆ ನೀರು ತುಂಬಿಸಿ ಹದಿನೈದು ನಿಮಿಷ ಬಿಡುವುದು. ಮಟ್ಟ ಇಳಿದರೆ ತಳ ಸೋರುತ್ತಿದೆ ಎಂದರ್ಥ. ಕೂವೆಯ ಬುಡಕ್ಕೆ ಅಂಟಿದ ಮರಳು ಗುಳಿಯ ತಳವನ್ನು ಅರೆದು ತೆಳ್ಳಗಾಗಿಸುತ್ತದೆ. ಜೋರು ಗಾಳಿಯ ದಿನ ಅಲ್ಲಿಂದಲೇ ಕೂವೆ ಕಿತ್ತು ಬರುತ್ತದೆ. ಹಾಗಾಗಿ ನಿಲ್ಲಿಸುವ ಮುನ್ನ ಬುಡ ಮತ್ತು ಗುಳಿ ಎರಡನ್ನೂ ತೊಳೆಯಬೇಕು. ಹಿಂಬದಿಯ ಬಿರಡೆಯನ್ನು ನೀರಿಗಿಳಿಯುವ ಮುಂಚೆ ಬಿಗಿಯಬೇಕು, ದಡದಲ್ಲಿ ಸಡಿಲಿಸಿಡಬೇಕು. ಬಿಸಿಲಲ್ಲಿ ಒಳಗಿನ ಗಾಳಿ ಹಿಗ್ಗಿ ಬೆಸುಗೆಯ ಮೇಲೆ ಒತ್ತಡ ಬೀಳದಿರಲಿ ಎಂದು. ಮಕ್ಕಳ ಆಪ್ಟಿಮಿಸ್ಟ್ ದೋಣಿಯಲ್ಲಾದರೆ ಮೂರು ಗಾಳಿಚೀಲಗಳು. ಮೂರನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು.

ಆದರೆ ಅವರ ಕೈಚಳಕ ಪೂರ್ತಿ ಕಾಣುತ್ತಿದ್ದದ್ದು ರೇಸಿನ ಮಾರ್ಕ್, ಅಂದರೆ ದೋಣಿಗಳು ಸುತ್ತಿಬರಬೇಕಾದ ತೇಲುಗುರುತು, ನೆಡುವುದರಲ್ಲಿ. ಇಂದು ನಾವು ಅವರ ಹಗ್ಗವನ್ನೇ ಬಳಸಿದೆವು. ಪ್ರತಿ ಎರಡು ಮೀಟರಿಗೆ ಬಣ್ಣದ ದಾರ ಬಿಗಿಯಾಗಿ ಸುತ್ತಿದ್ದಾರೆ, ಹತ್ತು ಮೀಟರಿಗೆ ಎರಡು ಸುತ್ತುಪಟ್ಟಿ. ಒದ್ದೆ ಕೈಯಲ್ಲಿ, ನೋಡದೆಯೇ ಬೆರಳಿಗೆ ಸಿಗುವ ಹಾಗೆ. ಆರು ಮೀಟರ್ ಆಳವಿದ್ದರೆ ಹದಿನೆಂಟು ಮೀಟರ್ ಹಗ್ಗ, ಅಂದರೆ ಆಳದ ಮೂರರಷ್ಟು. ಲಂಗರಿಗೂ ಹಗ್ಗಕ್ಕೂ ನಡುವೆ ಎರಡು ಮೂರು ಮೀಟರ್ ಸರಪಳಿ. ಸರಪಳಿ ತಳದಲ್ಲಿ ಮಲಗಿದರೆ ಎಳೆತ ಅಡ್ಡಕ್ಕೆ ಬಿದ್ದು ಲಂಗರು ಕಚ್ಚುತ್ತದೆ. ಇಲ್ಲವಾದರೆ ಮೇಲಕ್ಕೆ ಎಳೆದು ಕಿತ್ತು, ಮಾರ್ಕ್ ತೇಲಿಹೋಗುತ್ತದೆ. ಇಷ್ಟು ಬಹಳ ಕಡೆ ಮಾಡುತ್ತಾರೆ. ಅವರು ಮಾರ್ಕಿನಿಂದ ಎರಡು ಮೀಟರ್ ಕೆಳಗೆ ಹಗ್ಗಕ್ಕೆ ಸಣ್ಣ ಭಾರವೊಂದನ್ನೂ ಕಟ್ಟುತ್ತಿದ್ದರು. ಆಗ ಸಡಿಲ ಹಗ್ಗ ನೀರಿನ ಮೇಲೆ ಹರಡದೆ ನೇರ ಇಳಿಯುತ್ತದೆ, ಮಾರ್ಕ್ ಸುತ್ತುವ ದೋಣಿಗಳ ತಳಹಲಗೆಗೂ ಚುಕ್ಕಾಣಿಗೂ ಸಿಕ್ಕಿಕೊಳ್ಳುವುದಿಲ್ಲ. ಇಂದು ಒಂದು ಮಾರ್ಕಿಗೆ ಈ ಭಾರ ಕಟ್ಟುವುದು ಮರೆತುಹೋಗಿತ್ತು. ಎರಡನೇ ಸುತ್ತಿನಲ್ಲಿ ಒಂದು ದೋಣಿ ಮಾರ್ಕನ್ನೇ ಎಳೆದುಕೊಂಡು ಹೊರಟಿತು.

ಸ್ಟಾರ್ಟ್ ಗೆರೆಗೆ ಲೆಕ್ಕ ಬೇಕು. ಎಲ್ಲ ದೋಣಿಗಳ ಉದ್ದ ಕೂಡಿಸಿ ಒಂದೂಕಾಲರಿಂದ ಒಂದೂವರೆ ಪಟ್ಟು. ಇಪ್ಪತ್ತು ಲೇಸರ್ ಇದ್ದರೆ, ತಲಾ 4.2 ಮೀಟರಿನಂತೆ 84 ಮೀಟರ್. ಗೆರೆ 105ರಿಂದ 126 ಮೀಟರ್. ಗಾಳಿಗೆ ಗೆರೆ ಅಡ್ಡಲಾಗಿರಬೇಕು. ನೂರು ಮೀಟರ್ ಗೆರೆ ಹತ್ತು ಡಿಗ್ರಿ ವಾರೆಯಾದರೆ ಒಂದು ತುದಿ ಗಾಳಿಯ ಕಡೆಗೆ ಸುಮಾರು 17 ಮೀಟರ್ ಮುಂದಿರುತ್ತದೆ. ಎಲ್ಲರೂ ಆ ತುದಿಗೇ ನುಗ್ಗುತ್ತಾರೆ, ಡಿಕ್ಕಿಯಾಗುತ್ತದೆ. ಗಾಳಿ ಅತ್ತಿತ್ತ ತೂಗುವುದು ಸಹಜ. ಅವರು ಇಪ್ಪತ್ತು ನಿಮಿಷ ದಿಕ್ಕು ಬರೆದುಕೊಂಡು, ಸರಾಸರಿ ನೋಡಿ ಗೆರೆ ಹಾಕುತ್ತಿದ್ದರು. ಬಾವುಟಗಳ ಕ್ರಮ ಸಾಮಾನ್ಯವಾಗಿ ಹೀಗೆ: ಸ್ಟಾರ್ಟಿಗೆ ಐದು ನಿಮಿಷವಿರುವಾಗ ಆ ದೋಣಿ ವರ್ಗದ ಬಾವುಟ ಏರುತ್ತದೆ, ನಾಲ್ಕಿರುವಾಗ ಸಿದ್ಧತೆಯ ಬಾವುಟ, ಒಂದು ನಿಮಿಷವಿರುವಾಗ ಸಿದ್ಧತೆಯದು ಇಳಿಯುತ್ತದೆ, ಸೊನ್ನೆಗೆ ವರ್ಗದ್ದೂ ಇಳಿಯುತ್ತದೆ. ಪ್ರತಿಯೊಂದಕ್ಕೂ ಹಾರ್ನ್. ಹಾರ್ನ್ ಕೈಕೊಟ್ಟರೂ ಬಾವುಟವೇ ಪ್ರಮಾಣ.

ದೋಣಿ ಮಗುಚಿದಾಗ ಅವರು ಧಾವಿಸುತ್ತಿರಲಿಲ್ಲ. ಹೊಸಬರಿಗೆ ಇದು ವಿಚಿತ್ರ ಎನಿಸುತ್ತಿತ್ತು, ಆದರೆ ಅವರು ಮಾಡಿದ್ದೇ ಸರಿ. ಮೊದಲು ತಲೆ ಎಣಿಸುವುದು. ಇಬ್ಬರಿರಬೇಕಾದ ದೋಣಿಯಲ್ಲಿ ಒಂದೇ ತಲೆ ಕಂಡರೆ ಕ್ಷಣವೂ ಕಾಯುವಂತಿಲ್ಲ: ಇನ್ನೊಬ್ಬರು ಹಾಯಿಯ ಕೆಳಗೋ ಹಗ್ಗದಲ್ಲೋ ಸಿಕ್ಕಿರಬಹುದು, ಚಾಕು ಹಿಡಿದೇ ಹೋಗಬೇಕು. ತಲೆಗಳು ಸರಿಯಿದ್ದರೆ ದೂರದಲ್ಲೇ ನಿಂತು, ಹೆಬ್ಬೆರಳು ಎತ್ತಿ ಕೇಳುವುದು. ತಾನೇ ದೋಣಿ ಎತ್ತಿದ ಮಗು ಮುಂದಿನ ಸಲ ಹೆದರುವುದಿಲ್ಲ. ಹತ್ತಿರ ಹೋಗಲೇಬೇಕಾದರೆ ಗಾಳಿಗೆ ಮುಖಮಾಡಿ ನಿಧಾನಕ್ಕೆ, ಕೈಗೆಟಕುವ ಮುಂಚೆಯೇ ಎಂಜಿನ್ ಬಂದ್. ನ್ಯೂಟ್ರಲ್ ಸಾಲದು, ಗೇರ್ ಲಿವರಿಗೆ ಮೊಣಕೈ ತಗಲಿದರೂ ಸಾಕು, ಪ್ರೊಪೆಲರ್ ತಿರುಗಿಬಿಡುತ್ತದೆ.

ದೋಣಿ ಪೂರ್ತಿ ತಲೆಕೆಳಗಾಗಿ, ಕೂವೆಯ ತುದಿ ಕೆಸರಿಗೆ ನೆಟ್ಟಿದ್ದರೆ ಜೋರು ಮಾಡಬಾರದು. ಅಡ್ಡಕ್ಕೆ ಎಳೆದರೆ ಕೂವೆ ಬಾಗುತ್ತದೆ. ಹೊಕ್ಕ ದಿಕ್ಕಿನಲ್ಲೇ ಮೆಲ್ಲಗೆ ಹಿಂದಕ್ಕೆ ಎಳೆದು ಬಿಡಿಸಬೇಕು. ದೋಣಿಗಿಂತ ಮುಂಚೆ ಜನ, ಯಾವಾಗಲೂ. ಹಾಯಿ ರೇಸಿಂಗ್ ನಿಯಮಗಳಲ್ಲಿ ಮೊಟ್ಟಮೊದಲ ನಿಯಮವೇ ಅದು: ಆಪತ್ತಿನಲ್ಲಿರುವ ಯಾರಿಗೇ ಆಗಲಿ, ಸಾಧ್ಯವಿರುವ ಎಲ್ಲ ಸಹಾಯ ಮಾಡಬೇಕು. ಸಹಾಯಕ್ಕೆ ನಿಂತು ಸ್ಥಾನ ಕಳೆದುಕೊಂಡವರಿಗೆ ಪರಿಹಾರ ಕೊಡಲೂ ನಿಯಮವಿದೆ. ಅಂಥವರ ಹಾಯಿಯ ಸಂಖ್ಯೆಯನ್ನು ಅಜ್ಜ ಯಾರೂ ಕೇಳದೆಯೇ ಬರೆದುಕೊಂಡಿರುತ್ತಿದ್ದರು.

ಗುಡುಗು ಕೇಳಿಸಿದರೆ ಎಲ್ಲರೂ ದಡಕ್ಕೆ, ಕೊನೆಯ ಗುಡುಗಿನಿಂದ ಮೂವತ್ತು ನಿಮಿಷ ಯಾರೂ ನೀರಿಗಿಳಿಯುವಂತಿಲ್ಲ. ಎಷ್ಟೇ ಗೋಗರೆದರೂ ಒಂದು ನಿಮಿಷ ಕಡಿಮೆಯಿಲ್ಲ.

ಸಂಜೆ ತೊಳೆಯುವ ಕೆಲಸ. ರಾಟೆಗಳಿಗೆ ಸಿಹಿನೀರು ಮಾತ್ರ, ಎಣ್ಣೆ ಗ್ರೀಸು ಬೇಡ, ಅದಕ್ಕೆ ಮರಳು ಅಂಟುತ್ತದೆ. ಹಾಯಿಯನ್ನು ಕೂವೆಯ ಮೇಲೆ ಪಟಪಟ ಬಡಿಯಲು ಬಿಟ್ಟು ಒಣಗಿಸಬಾರದು, ಬಟ್ಟೆ ಬೇಗ ಸಾಯುತ್ತದೆ.

ಶೆಡ್ಡಿನ ಗೋಡೆಯ ಹಲಗೆ ಅವರೇ ಮಾಡಿದ್ದು. ಸಾಲಾಗಿ ಮೊಳೆ, ಮೊಳೆಗೊಂದು ಸಂಖ್ಯೆಯ ಬಿಲ್ಲೆ. ನೀರಿಗೆ ಹೋಗುವವರು ತಮ್ಮ ಬಿಲ್ಲೆ ಒಯ್ಯಬೇಕು, ಬಂದವರು ತಾವೇ ತೂಗುಹಾಕಬೇಕು. ಬೇರೆಯವರ ಕೈಯಲ್ಲಿ ಕಳಿಸುವಂತಿಲ್ಲ. ಹಲಗೆ ತುಂಬುವವರೆಗೆ ರಕ್ಷಣಾ ದೋಣಿಯನ್ನು ಮೇಲಕ್ಕೆ ಎಳೆಯುವುದಿಲ್ಲ. ಇಂದು ಸಂಜೆ ಹದಿನಾಲ್ಕನೆಯ ಮೊಳೆ ಖಾಲಿಯಿತ್ತು. ನೀರಿನ ಮೇಲೆ ಒಂದೂ ಹಾಯಿ ಕಾಣುತ್ತಿರಲಿಲ್ಲ, ದೋಣಿಗಳೆಲ್ಲ ದಡದಲ್ಲಿದ್ದವು. ಆದರೂ ರಕ್ಷಣಾ ದೋಣಿ ನೀರಿನಲ್ಲೇ ಇತ್ತು, ಚಾಲಕ ಕಾಲಿನ ಕಾರ್ಡ್ ಬಿಚ್ಚಿರಲಿಲ್ಲ. ಇಪ್ಪತ್ತು ನಿಮಿಷದ ನಂತರ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಗೇಟಿನಿಂದ ಓಡಿ ಬಂದು, ಲೈಫ್ ಜಾಕೆಟ್ಟಿನ ಜೇಬಿನಿಂದ ಬಿಲ್ಲೆ ತೆಗೆದು ಮೊಳೆಗೆ ಹಾಕಿದಳು. ಆಮೇಲೆ ಎಂಜಿನ್ ಎತ್ತಿ ಕಟ್ಟಿ, ದೋಣಿಯನ್ನು ಮೇಲಕ್ಕೆ ಎಳೆದೆವು.